ಗ್ಲೆನಿಸ್ ಮನೆಯ ಎರವಲು ಮಕ್ಕಳು

ಗ್ಲೆನಿಸ್ ಟ್ರೆಂಬಾತ್ ಬಹಳ ವರ್ಷಗಳಿಂದ ತನ್ನ ಮನೆಯಲ್ಲೇ ಊರವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ವಾಲರೂ ಬಂದರಿನ ಕಡೆಗೆ ಇಳಿಯುವ ನಮ್ಮ ಬೀದಿಯ ಮೂಲೆಯಲ್ಲಿ ನನ್ನ ಬೇಕರಿ, ಅದರಾಚೆ ಕೆಲವೇ ಮನೆ ದಾಟಿದರೆ ಅವಳದು. ಬೆಳಿಗ್ಗೆ ಅಪ್ಪ ಅಮ್ಮಂದಿರು ಮಕ್ಕಳನ್ನು ಅಲ್ಲಿ ಬಿಟ್ಟು, ನನ್ನಲ್ಲಿ ಕಾಫಿ ಕೊಂಡು ಕೆಲಸಕ್ಕೆ ಹೋಗುವುದು ರೂಢಿ. ಹಾಗಾಗಿ ಅವಳ ವ್ಯಾಪಾರ ಕುಸಿದರೆ ಮೊದಲು ತಿಳಿಯುವುದು ನನ್ನ ಕಾಫಿ ಯಂತ್ರಕ್ಕೆ.

ಆ ವರ್ಷ ಜನವರಿಯ ಕೊನೆಗೆ ಕುಸಿಯಿತು. ಅವಳ ಹತ್ತಿರವಿದ್ದ ಮಕ್ಕಳೆಲ್ಲ ಒಂದೇ ವಾರಿಗೆಯವರು. ನಮ್ಮ ದೇಶದಲ್ಲಿ ಡಿಸೆಂಬರಿಗೆ ಶುರುವಾಗುವ ಬೇಸಿಗೆ ರಜೆ ಮುಗಿದದ್ದೇ ತಡ, ಅಷ್ಟೂ ಜನ ಅಗಲ ಅಂಚಿನ ಟೋಪಿ ಹಾಕಿಕೊಂಡು ಶಾಲೆಗೆ ಹೊರಟುಬಿಟ್ಟರು. ಉಳಿದವನು ಗಸ್ ಒಬ್ಬ. ಎರಡು ವರ್ಷದ ಈ ಗಸ್ ಎಂಥ ಸಾಧು ಎಂದರೆ, ಅವನನ್ನು ನೋಡಿಕೊಳ್ಳುವುದಕ್ಕೂ ಅಡುಗೆಮನೆಯ ಕಿಟಕಿಯಲ್ಲಿದ್ದ ಕುಂಡವನ್ನು ನೋಡಿಕೊಳ್ಳುವುದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೊಸ ಮಕ್ಕಳು ಬರಬೇಕಾದ ಹೊತ್ತಿಗೆ ಸರಿಯಾಗಿ ಹೆದ್ದಾರಿಯ ಪಕ್ಕ ದೊಡ್ಡದೊಂದು ಶಿಶುಪಾಲನಾ ಕೇಂದ್ರ ತೆರೆದಿತ್ತು. ಅದರ ಅಂಗಳದಲ್ಲಿ ಪ್ಲಾಸ್ಟಿಕ್ಕಿನ ಜ್ವಾಲಾಮುಖಿ ಇದೆಯಂತೆ, ಅದರ ಬಾಯಿಂದ ನೀರು ಚಿಮ್ಮುತ್ತದಂತೆ. ಗ್ಲೆನಿಸ್ ಮನೆಯಲ್ಲಿ ನೀರು ಚಿಮ್ಮುತ್ತಿದ್ದುದು ಹಿತ್ತಲ ನಲ್ಲಿಯಿಂದ ಮಾತ್ರ, ಅದೂ ಅವಳ ಗಂಡ ಮರ್ವ್ ಅದನ್ನು ರಿಪೇರಿ ಮಾಡದೇ ಬಿಟ್ಟಿದ್ದರಿಂದ.

ಮರ್ವ್ ಹೇಳಿದ್ದು ಇಷ್ಟೆ: ವಯಸ್ಸಾಯಿತು, ಸುಮ್ಮನೆ ಕೂರು, ಮೀನು ಹಿಡಿಯೋಣ. ಗ್ಲೆನಿಸ್ ಒಂದು ದಿನ ಅವನ ಜೊತೆ ದೋಣಿಯಲ್ಲಿ ಕೂತು ಬಂದಳು. ಸಂಜೆ ಬೇಕರಿಗೆ ಬಂದು, ಇನ್ನೊಂದು ದಿನ ಹೀಗೆ ಕೂತರೆ ಆ ಮನುಷ್ಯನನ್ನೇ ಗಾಳಕ್ಕೆ ಕಟ್ಟಿ ನೀರಿಗೆ ಬಿಡುತ್ತೇನೆ ಎಂದಳು.

ನನ್ನ ಕಿಟಕಿಯಲ್ಲಿ ಒಂದು ಚೀಟಿ ಅಂಟಿಸು ಎಂದು ಹೇಳಿದವಳು ನಾನೇ. ದುಂಡಗಿನ ಅಕ್ಷರದಲ್ಲಿ ಅವಳು ಬರೆದು ತಂದದ್ದು ಹೀಗಿತ್ತು: "ನಮ್ಮ ಮನೆಯಲ್ಲಿ ಹಗಲೆಲ್ಲ ಪ್ರೀತಿಯಿಂದ ನೋಡಿಕೊಳ್ಳಲಾಗುವುದು. ಬಿಸಿ ಊಟ, ಊಟವಾದ ಮೇಲೆ ನಿದ್ದೆ, ಸಂಜೆ ಅಂಗಳದಲ್ಲಿ ಆಟ." ಯಾರನ್ನು ನೋಡಿಕೊಳ್ಳಲಾಗುವುದು ಎಂದು ಬರೆಯುವುದನ್ನು ಮರೆತಿದ್ದಳು. ನನಗೂ ಹೊಳೆಯಲಿಲ್ಲ. ಮೊದಲ ಕರೆ ಒಂದು ಬೇಟೆನಾಯಿಯ ಯಜಮಾನನದು. ನಾಯಿಗೆ ಬಿಸಿ ಊಟ ಒಗ್ಗುವುದಿಲ್ಲ, ತಣ್ಣಗಿದ್ದರೆ ಸಾಕು ಎಂದ. ಎರಡನೆಯದು ಒಬ್ಬ ಹೆಂಗಸು ತನ್ನ ಗಂಡನ ಪರವಾಗಿ ಮಾಡಿದ್ದು. ಮೂರನೆಯದು ಬೀದಿಯಾಚೆಯ ಪೆನ್‌ಹಲುರಿಕ್ ಮುದುಕನದು. ಅವನು ತನ್ನ ಪರವಾಗಿ ತಾನೇ ಮಾತಾಡಿದ, ಮಧ್ಯಾಹ್ನದ ನಿದ್ದೆಗೆ ದಿಂಬು ತಾನೇ ತರಬೇಕೋ ಎಂದು ಕೇಳಿದ. ಗ್ಲೆನಿಸ್ ವಿವರಿಸಿ ಹೇಳಿದಾಗ ಅವನಿಗೆ ನಿಜವಾಗಿಯೂ ಬೇಜಾರಾಯಿತು.

ಆಮೇಲೆ ಅವಳು ಜನರ ಬೆನ್ನು ಹತ್ತಿದಳು. ಕಡಲ ದಂಡೆಯಲ್ಲಿ, ಸೂಪರ್ ಮಾರ್ಕೆಟ್ಟಿನಲ್ಲಿ, ತಳ್ಳುಗಾಡಿಯ ಮಗು ಕಂಡಲ್ಲೆಲ್ಲ ಬಗ್ಗಿ ಅದರ ಕೆನ್ನೆ ಹೊಗಳುವುದು, ಹಾಗೆಯೇ ಅಮ್ಮ ಯಾವಾಗ ಕೆಲಸಕ್ಕೆ ಮರಳುತ್ತಾಳೆ ಎಂದು ವಿಚಾರಿಸುವುದು. ಔಷಧಿ ಅಂಗಡಿಯಲ್ಲಿ ಒಬ್ಬಳ ಹೊಟ್ಟೆ ನೋಡಿ ಹಾಗೆಯೇ ವಿಚಾರಿಸಿದಳು. ಆಕೆ ಬಸುರಿಯಾಗಿರಲಿಲ್ಲ.

ಆದರೆ ಅದೇ ಔಷಧಿ ಅಂಗಡಿಗೆ ಹೊಸದಾಗಿ ಬಂದಿದ್ದ ಔಷಧತಜ್ಞೆ ಇಮೊಜೆನ್ ಎಂಬಾಕೆ ಕೌಂಟರಿನ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಆಕೆಗೆ ಕ್ಲೆಮೆಂಟೈನ್ ಎಂಬ ಮೂರು ವರ್ಷದ ಮಗಳು. ಗುರುವಾರ ಬೆಳಿಗ್ಗೆ ಮನೆ ನೋಡಲು ಬರುತ್ತೇನೆ, ಮಗಳು ಬೇರೆ ಮಕ್ಕಳೊಂದಿಗೆ ಹೇಗೆ ಬೆರೆಯುತ್ತಾಳೆ ಎನ್ನುವುದೇ ನನಗೆ ಮುಖ್ಯ ಎಂದಳು.

ಗ್ಲೆನಿಸ್ ಓಡೋಡಿ ನನ್ನ ಹತ್ತಿರ ಬಂದಳು.

"ವೆಲ್ಮಾ, ನಿನ್ನ ಮೊಮ್ಮಕ್ಕಳನ್ನ ಗುರುವಾರ ಒಂದು ಬೆಳಿಗ್ಗೆ ಕೊಡೇ."

"ಅವು ಬೇಡ ಕಣೇ. ಇರೋ ಗಿರಾಕೀನೂ ಓಡಿಹೋಗ್ತಾರೆ."

"ಮನೇಲಿ ಗಸ್ ಒಬ್ಬನೇ ಕೂತಿದ್ರೆ ಆಸ್ಪತ್ರೆ ಥರ ಕಾಣುತ್ತೆ. ಖಾಲಿ ಹೋಟ್ಲಿಗೆ ಯಾರಾದ್ರೂ ಹೋಗ್ತಾರೇನೇ?"

ಅವಳ ಮಾತು ಸುಳ್ಳಲ್ಲ. ನನ್ನ ಮಗಳ ಅವಳಿ ಗಂಡುಮಕ್ಕಳು ಡೆಂಜಿಲ್ ಮತ್ತು ರಾಫ್ ಇನ್ನೂ ನಾಲ್ಕರವು. ಅವನ್ನು ಕೊಡಲು ಒಪ್ಪಿದೆ. ಮರ್ವ್‌ನ ಅಣ್ಣನ ಮಗಳು ತನ್ನ ಮಗಳು ಪರ್ಲ್‌ಳನ್ನು ಕಳಿಸುವುದಾಗಿ ಹೇಳಿದಳು. ಮಕ್ಕಳಿಗೆ ಒಂದೇ ಪಾಠ: ದಿನಾ ಇಲ್ಲೇ ಇರುವವರ ಹಾಗೆ ಇರಬೇಕು, ಹೆಚ್ಚು ಮಾತಾಡಬಾರದು. ಹಾಗೆ ಇದ್ದರೆ ಬೆಣ್ಣೆ ಸವರಿ ಬಣ್ಣದ ಸಕ್ಕರೆ ಕಾಳು ಉದುರಿಸಿದ ಬ್ರೆಡ್ಡು, ಎಷ್ಟು ಬೇಕಾದರೆ ಅಷ್ಟು.

ಗುರುವಾರ ಇಮೊಜೆನ್ ಬಿಳಿಯ ಲಿನನ್ ಪ್ಯಾಂಟು ತೊಟ್ಟು ಬಂದಳು. ಮಕ್ಕಳಿರುವ ಮನೆಗೆ ಬಿಳಿ ಬಟ್ಟೆಯಲ್ಲಿ ಬರುವವರ ಬಗ್ಗೆ ನನಗೆ ಭಯವೂ ಹೌದು, ಗೌರವವೂ ಹೌದು. ನಾನು ಬೇಕರಿಯಿಂದ ಮಾಂಸ ತುಂಬಿದ ಕಡುಬಿನಂಥ ಪ್ಯಾಸ್ಟಿ ಕೊಡಲು ಬಂದವಳ ಹಾಗೆ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಕ್ಲೆಮೆಂಟೈನ್ ನೇರವಾಗಿ ಮರಳು ಹೊಂಡಕ್ಕಿಳಿದು ಪರ್ಲ್‌ಳ ಸಲಿಕೆ ಕಿತ್ತುಕೊಂಡಳು, ಅಂದರೆ ಬೆರೆತಳು. ಇಮೊಜೆನ್ ಕತ್ತರಿಗಳನ್ನು ಎಲ್ಲಿಡುತ್ತೀರಿ, ಔಷಧಿ ಎಲ್ಲಿಡುತ್ತೀರಿ, ಟೀವಿ ಹಚ್ಚುತ್ತೀರಾ ಎಂದೆಲ್ಲ ಕೇಳಿದಳು. ಗ್ಲೆನಿಸ್‌ಗೆ ಇವೆಲ್ಲ ಬಾಯಿಪಾಠ.

ಆಮೇಲೆ ಇಮೊಜೆನ್ ಡೆಂಜಿಲ್‌ನ ಮುಂದೆ ಕುಕ್ಕರಗಾಲಲ್ಲಿ ಕೂತು, ಇಲ್ಲಿ ನಿನಗೆ ಏನು ತುಂಬ ಇಷ್ಟ ಎಂದು ಕೇಳಿದಳು.

"ಇನ್ನೂ ಗೊತ್ತಿಲ್ಲ," ಎಂದ ಡೆಂಜಿಲ್. "ಬ್ರೆಡ್ಡು ಕೊಟ್ಟ ಮೇಲೆ ಹೇಳ್ತೀನಿ."

ನಾನು ಕೆಮ್ಮಿದೆ. ಗ್ಲೆನಿಸ್ ನಕ್ಕು, ಈ ಹುಡುಗ ಬಹಳ ತಮಾಷೆ ಮಾಡುತ್ತಾನೆ ಎಂದು ಹೇಳಿ ಬ್ರೆಡ್ಡಿನ ತಟ್ಟೆಯನ್ನು ಅವಸರದಲ್ಲಿ ಅಂಗಳಕ್ಕೆ ತಂದಳು. ಮಕ್ಕಳೆಲ್ಲ ಮುತ್ತಿದರು.

ಆಗ ಇಮೊಜೆನ್ ಕೇಳಿದಳು, ಆ ಹಳದಿ ಬೂಟಿನ ಹುಡುಗ ನಿಮ್ಮ ಹತ್ತಿರ ಎಷ್ಟು ದಿನದಿಂದ ಇದ್ದಾನೆ, ಬಹಳ ಒಗ್ಗಿಕೊಂಡ ಹಾಗೆ ಕಾಣುತ್ತಾನೆ.

ನಿಜಕ್ಕೂ ಒಗ್ಗಿಕೊಂಡಿದ್ದ. ಗುಂಗುರು ಕೂದಲಿನ ಮೂರರ ಹುಡುಗ, ಒಂದೇ ಕಾಲಿಗೆ ಹಳದಿ ರಬ್ಬರ್ ಬೂಟು, ಇನ್ನೊಂದು ಕಾಲು ಬರಿದು. ಎರಡೂ ಕೈಯಲ್ಲಿ ಬ್ರೆಡ್ಡು. ಗ್ಲೆನಿಸ್ ನನ್ನತ್ತ ನೋಡಿದಳು. ಪರ್ಲ್ ಜೊತೆ ಬಂದವನಿರಬೇಕು ಎಂದುಕೊಂಡು ನಾನು ಅಂಗಳದ ಮೂಲೆಯಲ್ಲಿದ್ದ ಮರ್ವ್‌ನತ್ತ ನೋಡಿದೆ. ವೆಲ್ಮಾ ಎಲ್ಲಿಂದಲೋ ಇನ್ನೊಂದನ್ನೂ ಕೂಡಿಸಿ ತಂದಿದ್ದಾಳೆ ಎಂದುಕೊಂಡು ಮರ್ವ್ ಮೆಚ್ಚುಗೆಯಿಂದ ನನ್ನತ್ತ ತಲೆಯಾಡಿಸಿದ.

"ಸುಮಾರು ದಿನ ಆಯ್ತು," ಎಂದಳು ಗ್ಲೆನಿಸ್.

"ಹೆಸರೇನು?"

ಗ್ಲೆನಿಸ್ ಬಾಯಿ ತೆರೆದಳು. ಯಾವುದಾದರೊಂದು ಹೆಸರು ಹೇಳಿ ದಾಟಿಕೊಳ್ಳಬಹುದಿತ್ತು, ನಾನಾಗಿದ್ದರೆ ಹೇಳುತ್ತಿದ್ದೆ. ಅವಳು ಮಾತ್ರ ಮಕ್ಕಳ ತಲೆಯ ಮೇಲೆ ಒಮ್ಮೆ ಕಣ್ಣಾಡಿಸಿದಳು, ಮತ್ತೆ ಆಡಿಸಿದಳು. ಮಕ್ಕಳನ್ನು ನೋಡಿಕೊಳ್ಳುವವರಿಗೆ ಒಂದು ತಲೆ ಕಡಿಮೆಯಾದರೆ ಏನಾಗುತ್ತದೆ ಎನ್ನುವುದು ಗೊತ್ತಿರುತ್ತದೆ. ಒಂದು ಹೆಚ್ಚಾಯಿತು ಎಂದರೆ ಬೇರೆ ಯಾರ ಮನೆಯಲ್ಲೋ ಒಂದು ಕಡಿಮೆಯಾಗಿದೆ ಎಂದೇ ಅರ್ಥ.

"ಈ ಮಗು ಯಾರದು ಅಂತ ನಂಗೆ ಗೊತ್ತಿಲ್ಲ," ಎಂದಳು.

ಇಮೊಜೆನ್‌ಗೆ ಅರ್ಥವಾಗಲಿಲ್ಲ. ಹಾಗಂದರೇನು ಎಂದು ಕೇಳಿದಳು.

"ಉಳಿದೋವೂ ನನ್ನವಲ್ಲ. ಆ ಎರಡು ಇವಳ ಮೊಮ್ಮಕ್ಕಳು, ಅದು ನಮ್ಮ ಸಂಬಂಧಿಕರದು. ನಿಮಗೆ ತೋರಿಸೋಕೆ ಅಂತ ತಂದಿದ್ದೆ. ಗಸ್ ಒಬ್ಬನೇ ನನ್ನೋನು. ಈಗ ಅದಿರಲಿ, ದಯವಿಟ್ಟು ಆ ಗೇಟಿನ ಹತ್ರ ನಿಂತ್ಕೊಳ್ಳಿ. ಯಾವ ಮಗೂನೂ ಆಚೆ ಹೋಗ್ದಿರೋ ಹಾಗೆ ನೋಡ್ಕೊಳ್ಳಿ."

ಆ ದನಿಯಲ್ಲಿ ಏನೋ ಇತ್ತು. ಇಮೊಜೆನ್ ಹೋಗಿ ಗೇಟಿಗೆ ಬೆನ್ನು ಕೊಟ್ಟು ನಿಂತಳು. ರಾಫ್ ಬಂದು ಅವಳ ಪಾದದ ಮೇಲೆ ಕೂತು, ಬೆಣ್ಣೆ ಮೆತ್ತಿದ ಕೈಯಿಂದ ಆ ಬಿಳಿ ಪ್ಯಾಂಟನ್ನು ಹಿಡಿದುಕೊಂಡ. ಗ್ಲೆನಿಸ್ ಪೊಲೀಸರಿಗೆ ಫೋನ್ ಮಾಡಿದಳು, ಮರ್ವ್‌ನನ್ನು ಬಂದರಿನ ಕಡೆ ಅಟ್ಟಿದಳು, ನನ್ನನ್ನು ಹಿಂದಿನ ಬೀದಿಗೆ ಕಳಿಸಿದಳು. ಹೋಗುವಾಗ ನೋಡಿದೆ, ಹಿತ್ತಲ ಬೇಲಿಯಲ್ಲಿ ಒಂದು ಹಲಗೆ ಪಕ್ಕಕ್ಕೆ ಜರುಗಿತ್ತು. ಬೆಕ್ಕು ತೂರುವಷ್ಟೇ ಜಾಗ ಎಂದು ಮರ್ವ್ ಎರಡು ವರ್ಷದಿಂದ ಹೇಳುತ್ತಿದ್ದ ಹಲಗೆ ಅದು.

ಹಿಂದಿನ ಬೀದಿಯಲ್ಲಿ ನನಗೆದುರಾಗಿ ಒಬ್ಬ ಬರಿಗಾಲಲ್ಲಿ ಓಡಿ ಬರುತ್ತಿದ್ದ. ಬಾಗಿಲಿಗೆ ತಲೆ ತಗಲುವಂಥ ಎತ್ತರ, ಅದಕ್ಕೆ ತಕ್ಕ ಅಗಲ. ಕೈಯಲ್ಲಿ ಪುಟ್ಟ ಹಳದಿ ಬೂಟು. ನಾನು ಬಾ ಎಂದು ಕೈಬೀಸಿದೆ.

ಅವನ ಹೆಸರು ಅಪಿಸಾಯಿ, ಫಿಜಿಯವನು. ಹೆಂಡತಿ ಲಿಟಿಯಾ ಇಲ್ಲಿಯ ವೃದ್ಧಾಶ್ರಮದಲ್ಲಿ ದಾದಿ. ಅವಳ ಹಿಂದೆ ಇವನೂ ಮಗ ಟೆವಿಟಾನೂ ಬಂದು ಇನ್ನೂ ಮೂರು ವಾರ ಆಗಿರಲಿಲ್ಲ. ಸಿಗಡಿ ದೋಣಿಯಲ್ಲಿ ರಾತ್ರಿಯೆಲ್ಲ ದುಡಿದು ಬಂದು, ಹಗಲಲ್ಲಿ ಮಗನನ್ನು ನೋಡಿಕೊಳ್ಳುತ್ತಿದ್ದ. ಕೂತಲ್ಲೇ ಕಣ್ಣು ಹತ್ತಿದೆ. ಬೇಲಿಯಾಚೆ ಮಕ್ಕಳ ಗದ್ದಲ ಕೇಳಿ ಹುಡುಗ ಹೊರಟುಬಿಟ್ಟಿದ್ದಾನೆ.

ಅಂಗಳದಲ್ಲಿ ಮಗನನ್ನು ಕಂಡದ್ದೇ ಆ ಭಾರೀ ಮನುಷ್ಯ ಮೆಟ್ಟಿಲ ಮೇಲೆ ಕುಸಿದು ಕೂತ. ಮುಖ ಮುಚ್ಚಿಕೊಂಡು ಅತ್ತ. ಟೆವಿಟಾ ಅಪ್ಪನ ಮೊಣಕಾಲಿನ ಮೇಲೆ ತನ್ನ ಒಂದು ತುಂಡು ಬ್ರೆಡ್ಡನ್ನು ಇಟ್ಟು ಮತ್ತೆ ಮರಳಿಗೆ ಹೋದ.

"ಒಂದೇ ನಿಮಿಷ ಕಣ್ಣು ಮುಚ್ಚಿದ್ದೆ ಅಮ್ಮ," ಎಂದ ಅಪಿಸಾಯಿ. "ನನ್ನನ್ನ ಎಂಥ ತಂದೆ ಅಂದ್ಕೋತೀರೋ."

"ರಾತ್ರಿಯೆಲ್ಲ ದುಡಿದ ತಂದೆ ಅಂದ್ಕೋತೀನಿ," ಎಂದಳು ಗ್ಲೆನಿಸ್. "ಮೊದಲು ತಿನ್ನು."

ಪೊಲೀಸರಿಗೆ ಮತ್ತೆ ಫೋನ್ ಮಾಡಿ ವಿಷಯ ತಿಳಿಸಿ, ಅವನಿಗೆ ಟೀ ಕೊಟ್ಟು, ನನ್ನ ಪ್ಯಾಸ್ಟಿಗಳ ತಟ್ಟೆಯನ್ನು ಮುಂದಿಟ್ಟಳು. ಅಳುತ್ತಲೇ ತಟ್ಟೆ ಖಾಲಿ ಮಾಡಿದ. ಬಯ್ಯಬೇಕಾದದ್ದನ್ನೆಲ್ಲ ಅವಳು ಬೇಲಿಯ ಹಲಗೆಯ ಬಗ್ಗೆ ಬಂದರಿನಿಂದ ಮರಳಿದ ಮರ್ವ್‌ಗೆ ಬೈದಳು. ಅವನು ಅಲ್ಲೇ ಸುತ್ತಿಗೆ ಹುಡುಕಲು ಹೋದ.

ಗೇಟಿನ ಬಳಿ ಇಮೊಜೆನ್ ಇನ್ನೂ ನಿಂತಿದ್ದಳು. ಅವಳ ಪ್ಯಾಂಟು ಮೊಣಕಾಲಿನವರೆಗೆ ಬಣ್ಣದ ಸಕ್ಕರೆಯಿಂದ ಹೊಳೆಯುತ್ತಿತ್ತು. ಇನ್ನು ಗೇಟು ಬಿಟ್ಟು ಬರಬಹುದಾ ಎಂದು ಕೇಳಿ, ಮಗಳನ್ನು ಎತ್ತಿಕೊಂಡಳು. ಗ್ಲೆನಿಸ್ ಕ್ಷಮೆ ಕೇಳಿದಾಗ, ಮಕ್ಕಳನ್ನು ಎರವಲು ತಂದವರನ್ನು ನಾನು ಇದೇ ಮೊದಲು ನೋಡಿದ್ದು ಎಂದಷ್ಟೇ ಹೇಳಿ ಹೋದಳು. ಮರುವಾರದಿಂದ ಕ್ಲೆಮೆಂಟೈನ್ ಜ್ವಾಲಾಮುಖಿಯ ಕೇಂದ್ರಕ್ಕೆ ಹೋಗತೊಡಗಿದಳು. ಅದರಲ್ಲಿ ತಪ್ಪೇನಿದೆ, ನಾನಾಗಿದ್ದರೂ ಅಲ್ಲಿಗೇ ಕಳಿಸುತ್ತಿದ್ದೆ. ಗ್ಲೆನಿಸ್ ಮಾತ್ರ ಎರಡು ದಿನ ಅಂಗಳ ಗುಡಿಸಿದ್ದೇ ಗುಡಿಸಿದ್ದು, ನನ್ನ ಅಂಗಡಿಗೆ ಬರಲಿಲ್ಲ. ಸುಳ್ಳಾಡಿ ಸಿಕ್ಕಿಬಿದ್ದದ್ದಕ್ಕಿಂತ, ತನ್ನ ಅಂಗಳದಲ್ಲಿ ಒಂದು ಮಗು ಬಂದು ಸೇರಿದ್ದೇ ತನಗೆ ಗೊತ್ತಾಗದೇ ಹೋಯಿತಲ್ಲ ಎನ್ನುವುದು ಅವಳನ್ನು ತಿನ್ನುತ್ತಿತ್ತು.

ಶನಿವಾರ ಲಿಟಿಯಾ ಬಂದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನಿನ ದೊಡ್ಡ ಪಾತ್ರೆ ಹೊತ್ತು, ಚರ್ಚಿಗೆ ಹೋಗುವ ಉಡುಪಿನಲ್ಲಿ. ಗಂಡನಿಗೆ ನಿದ್ದೆ ಬೇಕು, ಹುಡುಗನಿಗೆ ಜೊತೆ ಬೇಕು, ನೀವು ನೋಡಿಕೊಳ್ಳುತ್ತೀರಾ ಎಂದು ಕೇಳಿದಳು. ಮೊನ್ನೆ ನಡೆದದ್ದು ಗೊತ್ತಿದ್ದೂ ಕೇಳುತ್ತೀಯಾ ಎಂದಳು ಗ್ಲೆನಿಸ್.

"ನನ್ನ ಮಗ ಬೀದೀಲಿರೋ ಅಷ್ಟು ಮನೆ ಬಿಟ್ಟು ಇಲ್ಲಿಗೇ ಬಂದ," ಎಂದಳು ಲಿಟಿಯಾ. "ಅವನು ಆರಿಸಿದ ಮೇಲೆ ನಾನ್ಯಾರು ಬೇಡ ಅನ್ನೋಕೆ."

ಸೋಮವಾರ ಟೆವಿಟಾ ಎರಡೂ ಬೂಟು ಹಾಕಿಕೊಂಡು ಮುಂಬಾಗಿಲಿನಿಂದ ಬಂದ. ಬೆಳಿಗ್ಗೆ ಅಳುತ್ತಾನೇನೋ ಎಂದು ಕಾದರು, ಅಳಲಿಲ್ಲ. ಗಸ್‌ನನ್ನು ಹಳೆಯ ರಟ್ಟಿನ ಡಬ್ಬದಲ್ಲಿ ಕೂರಿಸಿ ದಿನವೆಲ್ಲ ಸಿಗಡಿ ಹಿಡಿದನಂತೆ. ಗಸ್ ಕುಲುಕುಲು ನಕ್ಕನಂತೆ. ಅಳು ಶುರುವಾದದ್ದು ಸಂಜೆ ಅಪ್ಪ ಬಂದಾಗ. ಬರಲ್ಲ ಎಂದು ನೆಲಕ್ಕೆ ಬಿದ್ದ, ಕಂಬ ತಬ್ಬಿದ. ಕೊನೆಗೆ ಅಪಿಸಾಯಿ ಅವನನ್ನು ಗೋಧಿ ಮೂಟೆಯಂತೆ ಹೆಗಲ ಮೇಲೆ ಹಾಕಿಕೊಂಡು ನಡೆದ. ಹುಡುಗನ ಚೀರಾಟಕ್ಕೆ ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಹಿಂದೆ ಗ್ಲೆನಿಸ್ ಗೇಟಿನಲ್ಲಿ ನಿಂತು, ಹೊಸ ಮಗು ಮೊದಲನೆ ದಿನವೇ ತನ್ನ ಮನೆಯಿಂದ ಹೀಗೆ ಕಿರುಚುತ್ತಾ ಹೋದರೆ ಊರು ಏನೆಂದುಕೊಂಡೀತು ಎಂದು ಕೈ ಹಿಸುಕಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ನನ್ನ ಅಂಗಡಿಯಲ್ಲಿ ಕೂಸಿನ ತಳ್ಳುಗಾಡಿ ಹಿಡಿದು ಕಾಫಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಹೌಹಾರಿ ಕಿಟಕಿಗೆ ಬಂದಳು.

"ಅಯ್ಯೋ, ಏನ್ ಮಾಡ್ತಿದ್ದಾರೆ ಆ ಮಗೂಗೆ?"

"ಮನೆಗೆ ಕರ್ಕೊಂಡು ಹೋಗ್ತಿದ್ದಾರೆ," ಎಂದೆ.

ಅವಳು ತಳ್ಳುಗಾಡಿಯಲ್ಲಿದ್ದ ತನ್ನ ಕೂಸನ್ನೊಮ್ಮೆ ನೋಡಿದಳು. ಕಾಫಿ ಕೈಗೆ ತೆಗೆದುಕೊಂಡ ಮೇಲೆ, ಆ ಮಗು ಹೊರಗೆ ಬಂದದ್ದು ಯಾವ ಮನೆಯಿಂದ ಎಂದು ಕೇಳಿದಳು.