ಬಾಸಿಂಗ ಕಟ್ಟಿದ ಪಟ

"ತಲೆ ಮ್ಯಾಲಿರೋದು ಎಲೆ ಅಲ್ಲ, ಬಾಸಿಂಗ ಕಣವ್ವ ಅದು. ಮದ್ವೆ ದಿನ ಬರೆಸಿರೋ ಪಟ. ನನ್ ಕತ್ತು ನೋಡು, ಥೇಟ್ ತಾತಂದೇ!" ಶಿವನಂಜಪ್ಪ ಕತ್ತು ತಿರುಗಿಸಿ ಮಗಳಿಗೆ ತೋರಿಸಿದ.

ಮಾನಸ ನಕ್ಕಳು. ಮಿರ್ಲೆಯ ಈ ಮನೆಯ ಗೋಡೆಯಲ್ಲಿ ಮುತ್ತಾತನ ಪಟವನ್ನು ಹುಟ್ಟಿದಾಗಿನಿಂದ ನೋಡಿದ್ದಳು. ವರ್ಷವರ್ಷದ ಕುಂಕುಮ ಮೆತ್ತಿದ ಗಾಜಿನೊಳಗೆ ದಪ್ಪ ಕತ್ತು, ಸುಕ್ಕುಗಟ್ಟಿದ ಹಣೆ, ಹಿಂದೆ ಮುರಿದ ಕಂಬಗಳು. ಅದು ಯಾವುದೋ ಪಾಳುಬಿದ್ದ ಈಶ್ವರನ ಗುಡಿ ಎಂದೇ ಮನೆಯವರೆಲ್ಲರ ನಂಬಿಕೆ. ಮಗಳು ಮೈಸೂರಿನಲ್ಲಿ ಅಚ್ಚುಚಿತ್ರ ಕಲಿಯುತ್ತಿದ್ದಾಳಲ್ಲ, ತಾತನದೊಂದು ಹೊಸ ಅಚ್ಚು ತೆಗೆದು ನೆಂಟರ ಮನೆಗೆಲ್ಲ ಹಂಚಲಿ ಎಂದು ಶಿವನಂಜಪ್ಪನ ಆಸೆ. ಇವತ್ತು ಪಕ್ಷದ ಹಬ್ಬ. ಹಿರಿಯರಿಗೆ ಎಡೆ ಇಡುವ ಮೊದಲು ಪಟ ಬಿಚ್ಚಿ ನೋಡು ಎಂದು ಹೇಳಿ ಅವನು ಬಾಳೆಎಲೆ ಕೊಯ್ಯಲು ಹಿತ್ತಲಿಗೆ ಹೋದ.

ಮೊಳೆ ಕಿತ್ತು ಕಾಗದ ಹೊರತೆಗೆದಳು. ಚೌಕಟ್ಟು ಮುಚ್ಚಿಕೊಂಡಿದ್ದ ಅಂಚಿನಲ್ಲಿ ತಾಮ್ರದ ತಗಡು ಒತ್ತಿದ ಗುರುತು; ಅಂದರೆ ಬರೆಸಿದ ಪಟವಲ್ಲ, ಅಚ್ಚು. ಅದರೊಳಗೆ ಸಣ್ಣ ಅಕ್ಷರಗಳು. ಚಕ್ರವರ್ತಿ ವೆಸ್ಪಾಸಿಯನ್, ರೋಮ್.

ಪಕ್ಕದಲ್ಲಿ ಅಜ್ಜಿ, ಶಿವನಂಜಪ್ಪನ ತಾಯಿ ಚಿಕ್ಕಬೀರಮ್ಮ, ಅಲಸಂದೆ ಸುಲಿಯುತ್ತಿದ್ದಳು. ಎಂಬತ್ತು ವರ್ಷ ಈ ಮುಖಕ್ಕೇ ಅಪ್ಪಾ ಎಂದು ಕೈಮುಗಿದವಳು.

"ಅಜ್ಜಿ..." ಮಾನಸ ಕಾಗದವನ್ನು ಅವಳ ಕಡೆ ತಿರುಗಿಸಿದಳು.

"ನಮ್ಮಪ್ಪ ಅಲ್ಲ ಅಂತ ತಾನೆ?" ಅಜ್ಜಿ ತಲೆ ಎತ್ತಲಿಲ್ಲ. "ನಮ್ಮವ್ವ ಸಾಯೋ ಮುಂದೆ ಹೇಳಿದ್ಲು. ಅಪ್ಪ ಹುಣ್ಸೂರು ತಾವ ಬಿಳೀ ದೊರೆ ಬಂಗ್ಲೇಲಿ ಕೆಲ್ಸಕ್ಕಿದ್ದ. ನಾನಿನ್ನೂ ವಟ್ಟೇಲಿದ್ದೆ, ಜ್ವರ ಬಂದು ಓಗ್ಬುಟ್ಟ. ದೊರೆ ಊರು ಬುಡೋವಾಗ, ನಿಂಗೇನು ಬೇಕು ಅಂದ್ನಂತೆ. ಅವ್ವ ಬಂಗ್ಲೆ ಗೋಡೇಲಿದ್ದ ಇದನ್ನ ಕೇಳ್ಕಂಡು ಬಂದ್ಲು."

"ಇದನ್ನೇ ಯಾಕೆ?"

"ದಿನಾ ಒತ್ತಾರೆ ಇದ್ರ ಗಾಜು ಒರೆಸೋದು ಅಪ್ಪನ ಕೆಲ್ಸ ಕಣವ್ವ. ಅಪ್ಪನ ಮೊಖ ನಾ ನೋಡ್ನಿಲ್ಲ. ಅಪ್ಪ ನೋಡ್ದ ಮೊಖನಾದ್ರೂ ನೋಡ್ಕಂಡಿರಾನ ಅಂತ..." ಒಂದು ಕಾಯಿ ಸುಲಿದು ಮುಗಿಸಿದಳು. "ಇವ್ನ್ಯಾರು?"

"ದೂರದ ದೇಶದ ರಾಜ. ಸತ್ತು ಎರಡು ಸಾವಿರ ವರ್ಷ ಆಗ್ತಾ ಬಂತು."

"ಅವ್ನ ಕಡೆಯೋರು ಎಡೆ ಇಕ್ತಾರಾ?"

"ಯಾರೂ ಉಳಿದಿಲ್ಲಜ್ಜಿ."

"ಅಯ್ಯೋ, ಪಾಪ."

ಹಿತ್ತಲಿನಿಂದ ಶಿವನಂಜಪ್ಪ ಕೂಗಿದ: "ಏನವ್ವ, ತಾತನ ಎಸ್ರು ಗಿಸ್ರು ಏನಾರ ಬರ್ದವ್ರಾ?"

ಮಾನಸ ಅಜ್ಜಿಯ ಕಡೆ ನೋಡಿದಳು.

"ಬರ್ದವ್ರೆ ಕಣ್ಲಾ, ಮಾಸೋಗ್ಬುಟ್ಟದೆ!" ಅಜ್ಜಿಯೇ ದನಿ ಎತ್ತಿದಳು. "ಅಚ್ಚೂ ಬ್ಯಾಡ ಗಿಚ್ಚೂ ಬ್ಯಾಡ, ಒಂದೇ ಇರ್ಲಿ. ನೀ ಎಲೆ ತತ್ತಾ!"

ಮಾನಸ ಅಕ್ಷರಗಳು ಚೌಕಟ್ಟಿನಡಿ ಸೇರುವಂತೆ ಕಾಗದ ಕೂರಿಸಿ ಮೊಳೆ ಹೊಡೆದಳು. ಅಜ್ಜಿ ಸೆರಗಿನಿಂದ ಗಾಜು ಒರೆಸಿದಳು. ಪಟ ಗೋಡೆಗೇರಿದ ಮೇಲೆ ನೆಲಕ್ಕೆ ನೀರು ಚಿಮುಕಿಸಿ ಅದರ ಕೆಳಗೊಂದು ಎಲೆ ಹಾಸಿದಳು. ಆಮೇಲೆ ಮೊಳದಷ್ಟು ಆಚೆಗೆ ಸರಿದು, ಬರಿಗೋಡೆಯ ಬುಡದಲ್ಲಿ ಇನ್ನೊಂದು ಎಲೆ ಹಾಸಿ, ಅಪ್ಪಾ ಎಂದು ಮೊದಲ ತುತ್ತು ಅನ್ನವನ್ನು ಅದಕ್ಕೆ ಬಡಿಸಿದಳು.