ತಮಟೆ ಸಾರಿದ ನೀರು

"ಗಟ್ಟಿಯಾಗಿ ಒದರಲೇ ಬೋಳಿಮಗನೆ! ಸರ್ಕಾರ ಬಿದ್ದೈತೆ ಅಂತಿದೀಯೋ, ನಿಮ್ಮಪ್ಪನ ಎಮ್ಮೆ ಬಿದ್ದೈತೆ ಅಂತಿದೀಯೋ?"

ಮೆಂಬರ್ ಚಿಕ್ಕಬಸಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಯರ್ರಪ್ಪ ಕೆಳಗೆ ಅಂಗಳದ ಬಿಸಿಲಲ್ಲಿ ಹೆಗಲಿಗೆ ತಮಟೆ ನೇತುಹಾಕಿಕೊಂಡು ನಿಂತಿದ್ದ. ಕೇರಿಯವನು ಜಗಲಿಯ ನೆರಳಿಗೆ ಬರುವಂತಿರಲಿಲ್ಲ. ಅವನ ದನಿ ಬರಬಹುದಿತ್ತು.

"ಡೆಲ್ಲೀಲಿ ಒಂದೇ ಒಂದು ವೋಟಿಂದ ಸರ್ಕಾರ ಬಿದ್ದೈತ್ರಪ್ಪೋ!"

"ಹಾಂ. ಈಗ ದೇಶದ ಮಾತು ಅನ್ನಂಗೈತೆ."

ಜಿಲ್ಲಾ ಪಂಚಾಯಿತಿಗೆ ಗೆದ್ದ ಮೇಲೆ ಚಿಕ್ಕಬಸಪ್ಪನಿಗೆ ಬೆಂಗಳೂರಿನಲ್ಲಿ ಯಾರೋ ತಲೆ ತುಂಬಿ ಕಳಿಸಿದ್ದರು: ಗೆದ್ದವನು ಆಗಾಗ ದೇಶದ್ದೂ ಊರಿನದೂ ಸಮಾಚಾರವನ್ನು ಮತದಾರರಿಗೆ ಒಪ್ಪಿಸಬೇಕಂತೆ. ಮೊದಲು ಚಳ್ಳಕೆರೆಯಲ್ಲಿ ತನ್ನ ಫೋಟೋ ಹಾಕಿ ಕರಪತ್ರ ಅಚ್ಚು ಮಾಡಿಸಿದ. ಕರಿಗುಂಡ್ಲಹಟ್ಟಿಯಲ್ಲಿ ಅದನ್ನು ಓದಿದವರು ಯಾರೂ ಇಲ್ಲ. ಹೋಟೆಲಿನವನು ಅದರಲ್ಲಿ ಮೆಣಸಿನಕಾಯಿ ಬಜ್ಜಿ ಕಟ್ಟಿಕೊಟ್ಟ. ತನ್ನ ಮುಖದ ಮೇಲೆ ಕಡಲೆಕಾಯಿ ಎಣ್ಣೆ ಇಳಿಯುವುದನ್ನು ಮೆಂಬರು ಕಣ್ಣಾರೆ ಕಂಡ. ಅವತ್ತಿನಿಂದ ವರದಿ ಯರ್ರಪ್ಪನ ತಮಟೆಗೆ ಬಿತ್ತು.

ತಮಟೆಗೆ ಆ ಊರಲ್ಲಿ ಬೇರೆಯೇ ತೂಕ. ನಾಳೆ ಯಾರೂ ನೇಗಿಲು ಕಟ್ಟಬಾರದು ಎಂದು ಅದು ಸಾರಿದರೆ ಕಟ್ಟುವಂತಿಲ್ಲ. ಇಂಥವರು ತೀರಿಕೊಂಡರು ಎಂದು ಸಾರಿದರೆ ಮಣ್ಣಾಗುವ ತನಕ ಯಾವ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಸಾರುವವನನ್ನು ಮುಟ್ಟಬಾರದು, ಸಾರಿದ ಮಾತನ್ನು ಮೀರಬಾರದು. ಊರು ಎರಡನ್ನೂ ಒಂದೇ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿತ್ತು.

ಹಾಗಾಗಿ ಹಿಂದಿನ ವರ್ಷ ಯರ್ರಪ್ಪ, "ಮರಳುಗಾಡಿನಾಗೆ ಅಣುಬಾಂಬು ಸಿಡಿಸವ್ರೆ, ಯಾರೂ ಹೆದರಬಾರ್ದು" ಎಂದು ಸಾರಿದಾಗ ಊರು ಹೆದರಿತು. ಕುರಿ ಕಾಯುವ ಮುದುಕನೊಬ್ಬ ಸುತ್ತಲಿನ ಬಯಲನ್ನೆಲ್ಲ ಒಮ್ಮೆ ನೋಡಿ, "ಎಕ್ಕಡರಾ ಯರ್ರಪ್ಪ? ಮನ ಹೊಲದಾಗೇನಾ?" ಎಂದು ತೆಲುಗು ಬೆರೆಸಿ, ಬಾಂಬು ಸಿಡಿದದ್ದು ನಮ್ಮ ಹೊಲದಲ್ಲೇನೋ ಎಂದು ಕೇಳಿದ್ದ. ಆ ಬೇಸಿಗೆಯ ಹೊಲ ಕಂಡ ಯಾರೇ ಆದರೂ ಕೇಳುವ ಮಾತೇ ಅದು.

"ಈಗ ಕೊನೇದು," ಎಂದ ಮೆಂಬರು. "ಕೆಳಗಿನ ಕೇರಿಗೆ ನಲ್ಲಿ ಹಾಕ್ಸಿ ನೀರು ಬಿಟ್ಟೈತೆ. ಅನ್ನು."

ಯರ್ರಪ್ಪ ತಲೆ ಕೆರೆದುಕೊಂಡ.

"ಧಣಿ, ನಲ್ಲಿ ಇಲ್ಲವಲ್ರಾ."

"ಪೈಪು ಬಂದೈತೋ ಇಲ್ವೋ?"

"ಒಂದು ಬಂದೈತೆ. ಬೇವಿನ ಮರಕ್ಕೆ ಒರಗಿಸವ್ರೆ. ಕೋಳಿ ಕೂರ್ತಾವೆ."

"ಕೆಲಸ ಮುಗೀತು ಅಂತ ನಾನು ಮ್ಯಾಲಕ್ಕೆ ಬರೆದು ಕಳ್ಸೀನಿ. ಕಾಗದದಾಗೆ ನೀರು ಬಂದೈತೆ, ಇಲ್ಲಿ ಬಂದಿಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಇವತ್ತಲ್ಲ ನಾಳೆ ಬಂದೇ ಬರ್ತೈತೆ. ಬಡಿಯಲೇ!"

ಯರ್ರಪ್ಪ ಬಡಿದ. ಅವನಪ್ಪನೂ ಹೇಳಿದ್ದನ್ನೇ ಬಡಿದಿದ್ದ. ಮೂರು ದಾರಿ ಕೂಡುವ ಕಡೆಯಲ್ಲೆಲ್ಲ ನಿಂತು ಡೆಲ್ಲಿಯ ಸರ್ಕಾರವನ್ನು ಬೀಳಿಸಿದ, ಕೆಳಗಿನ ಕೇರಿಗೆ ನೀರು ಬಿಟ್ಟ. ಸರ್ಕಾರ ಬಿದ್ದದ್ದಕ್ಕೆ ಯಾರೂ ತಲೆ ಎತ್ತಲಿಲ್ಲ. ನೀರಿನ ಮಾತಿಗೆ ಮಾತ್ರ ಮೇಲಿನ ಬೀದಿಯ ಉಚ್ಚಂಗೆಮ್ಮ ಮೊರದಲ್ಲಿ ಕೇರುತ್ತಿದ್ದ ಜೋಳ ಬಿಟ್ಟು ಹೊರಗೆ ಬಂದು ಕಿವಿಗೊಟ್ಟು ಕೇಳಿದಳು.

ಮಾರನೆಯ ಬೆಳಗ್ಗೆ ಯರ್ರಪ್ಪನ ಹೆಂಡತಿ ಹುಚ್ಚಕ್ಕ ಗುಡಿ ಮುಂದಿನ ನಲ್ಲಿಗೆ ಹೋದಳು. ಕೇರಿಗೆ ಇದ್ದದ್ದು ಅದೊಂದೇ ನೀರು. ಅದೂ ಸುಮ್ಮನೆ ಸಿಗುತ್ತಿರಲಿಲ್ಲ. ಊರವರದೆಲ್ಲ ಮುಗಿದ ಮೇಲೆ ಯಾರಾದರೂ ಮನಸ್ಸು ಬಂದವರು ನಲ್ಲಿ ತಿರುಗಿಸಿದರೆ, ದೂರ ಇಟ್ಟ ಬಿಂದಿಗೆಗೆ ಎತ್ತಿ ಹೊಯ್ದರೆ ಉಂಟು. ಅವತ್ತು ಹುಚ್ಚಕ್ಕನಿಗೆ ಅವಸರವಿತ್ತು. ಮಗಳು ವನಜಾಕ್ಷಿ ಹಸಿ ಬಾಣಂತಿ. ತಾಯಿಗೂ ಕೂಸಿಗೂ ಮೈಗೆ ಹಾಕಲು ಬಿಸಿನೀರು ಬೇಕಿತ್ತು.

"ಇಲ್ಯಾಕೆ ಬಂದ್ಯೇ?" ಎಂದಳು ಉಚ್ಚಂಗೆಮ್ಮ. "ನಿಮ್ಮ ಕೇರಿಗೇ ನೀರು ಬಂದೈತಂತಲ್ಲ."

"ಎಲ್ಲಿ ಬಂದೈತವ್ವ? ನಾಲಿಗೆ ನೆನೆಸಾಕೆ ಇಲ್ಲ."

"ನಿನ್ನ ಗಂಡನೇ ಸಾರವ್ನೆ. ನಾನೇ ಕೇಳೀನಿ. ನಿಮ್ಮ ನಲ್ಲಿ ಇಟ್ಕಂಡು ನಮ್ಮ ನಲ್ಲಿಗ್ಯಾಕೆ ಬಾಯಿ ಹಾಕ್ತೀರೇ? ಹೋಗು, ಹೋಗು!"

ಖಾಲಿ ಬಿಂದಿಗೆ ತಂದು ಹುಚ್ಚಕ್ಕ ಗಂಡನ ಮುಂದೆ ಕುಕ್ಕಿದಳು. ಹಿಂದೆಯೇ ಕೇರಿಯ ಉಳಿದ ಹೆಂಗಸರೂ ಬಂದರು. ಎಲ್ಲರ ಕೈಯಲ್ಲೂ ಬರಿ ಕೊಡ.

"ನಿನ್ನ ಬಾಯಿಗೆ ಮಣ್ಣು ಬೀಳ! ಇಲ್ಲದ ನೀರು ಸಾರಿ ಇದ್ದ ನೀರು ಕಳೆದ್ಯಲ್ಲೋ. ಮೊಮ್ಮಗನ್ನ ಏನು ಹಾಕಿ ತೊಳೀಲಿ, ನಿನ್ನ ಉಚ್ಚೆನಾ?"

ಒಳಗೆ ಕೂಸು ಅಳುತ್ತಿತ್ತು. ಯರ್ರಪ್ಪ ಎದ್ದು ನೇರ ಗುಡಿಗೆ ಹೋಗಿ, ಊರ ಕಟ್ಟಳೆ ನೋಡಿಕೊಳ್ಳುವ ಪೂಜಾರಿ ತಿಪ್ಪೇರುದ್ರನ ಮುಂದೆ ದೂರ ನಿಂತು ಕೈ ಮುಗಿದ.

"ಸ್ವಾಮಿ, ಕೇರಿಗೆ ನೀರು ಬಂದಿಲ್ರಿ."

"ತಮಟೆ ಬಂದೈತೆ ಅಂತಲ್ಲೋ."

"ಅದು ಸುಳ್ಳು ಸ್ವಾಮಿ. ನಾನು ಹೇಳ್ತಿರೋದು ನಿಜ."

ತಿಪ್ಪೇರುದ್ರ ನಕ್ಕ. "ನಿನ್ನ ಮಾತು ಯಾರಿಗಲೇ ಬೇಕು? ತಮಟೆ ಮಾತು ಊರಿನ ಮಾತು. ಸಾರಿದ್ದು ಸುಳ್ಳಾಗ್ಬೇಕು ಅಂದ್ರೆ ಸಾರಿಸಿದವ್ರು ಬಂದು ಊರ ಮುಂದೆ ಹೇಳ್ಬೇಕು. ಹೋಗಿ ಮೆಂಬರ್ನ ಕೇಳು."

ಮೆಂಬರ್ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ. ಜನರ ಕಷ್ಟ ಕೇಳುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

"ಆತು. ಮುಂದಿನ ವರದೀಲಿ, ಕೇರಿ ನಲ್ಲೀಲಿ ನೀರು ಇನ್ನೂ ಜೋರಾಗಿ ಬರಂಗೆ ಮಾಡೈತೆ ಅಂತ ಹಾಕ್ತೀನಿ," ಎಂದ.

ಎರಡು ದಿನ ಕೇರಿಯವರು ಹರದಾರಿ ಆಚೆಯ ತೋಟದ ಬಾವಿಯಿಂದ ಕದ್ದು ನೀರು ತಂದರು. ಮೂರನೆಯ ದಿನ ಕೇರಿಗೆ ಮೆಂಬರ್ ಬಂದ, ಜೊತೆಗೆ ಚಳ್ಳಕೆರೆಯ ಫೋಟೋ ತೆಗೆಯುವ ಜಿಲಾನ್ ಬಾಷಾನೂ ಬಂದ. ಬೇವಿನ ಮರದ ಕೋಳಿಗಳನ್ನು ಓಡಿಸಿ, ಪೈಪನ್ನು ನೆಟ್ಟಗೆ ಹೂತು, ಅದರ ತುದಿಗೆ ಹೊಸ ಹಿತ್ತಾಳೆ ನಲ್ಲಿ ಸಿಕ್ಕಿಸಿದರು. ಮೆಂಬರನ ಮನೆಯಿಂದ ತುಂಬಿದ ತಾಮ್ರದ ಕೊಡವೊಂದನ್ನು ತಂದು ಅದರ ಕೆಳಗೆ ಇಟ್ಟರು. ಹೆಂಗಸರನ್ನು ಕರೆದು ಸುತ್ತ ನಿಲ್ಲಿಸಿದರು.

ಜಿಲಾನ್ ಬಾಷಾ ಕ್ಯಾಮೆರಾದಿಂದ ಕಣ್ಣು ತೆಗೆದ. "ಸಾಬ್, ಪೈಪು ಎಲ್ಲಿಗೂ ಹೋಗಿಲ್ಲ. ಹಂಗೇ ನಿಂತೈತೆ."

"ನಿಂಗ್ಯಾಕಯ್ಯ ಅದು? ಮುಂದಿಂದ ಹೊಡಿ."

"ಅಕ್ಕಾ, ಸ್ವಲ್ಪ ನಗ್ರಿ," ಎಂದ ಬಾಷಾ, ತನಗೇ ನಾಚಿಕೆಯಾದವನಂತೆ. ಹುಚ್ಚಕ್ಕ ನಗಲಿಲ್ಲ. ಅವಳು ಕೊಡದ ನೀರನ್ನೇ ನೋಡುತ್ತಿದ್ದಳು. ಅದು ತಿಳಿಯಾಗಿತ್ತು, ಕಂಠದ ತನಕ ಇತ್ತು.

ಫೋಟೋ ಮುಗಿಯುತ್ತಲೇ ಆಳು ಬಂದು ಕೊಡ ಎತ್ತಿಕೊಂಡ.

"ಅಪ್ಪಾ, ಅದನ್ನ ಇಟ್ಟು ಹೋಗು. ಬಾಣಂತಿ ಐತೆ ಮನೇಲಿ," ಎಂದು ಹುಚ್ಚಕ್ಕ ಸೆರಗೊಡ್ಡಿದಳು.

"ಧಣೇರ ಕೊಡ ಕಣವ್ವ," ಎಂದ ಆಳು. ಮೆಂಬರು ಹಿತ್ತಾಳೆ ನಲ್ಲಿಯನ್ನೂ ಬಿಚ್ಚಿಸಿ ಜೇಬಿಗೆ ಹಾಕಿಕೊಂಡ. ಫೋಟೋ ತೊಳೆಸಿಕೊಂಡು ಬರಲು ಬಾಷಾನ ಜೊತೆಗೇ ಬಸ್ಸು ಹತ್ತಿ ಚಳ್ಳಕೆರೆಗೆ ಹೋದ.

ಯರ್ರಪ್ಪ ಅವತ್ತು ಉಣ್ಣಲಿಲ್ಲ. ಬೆಳಗಾಗುತ್ತಲೇ ನಾಲ್ಕು ಒಣ ಹುಲ್ಲು ಉರಿಸಿ ತಮಟೆ ಕಾಯಿಸಿದ. ಹುಚ್ಚಕ್ಕ ಕೇಳಿದಳು:

"ಇವತ್ತೇನು ಬಿದ್ದೈತಂತೆ ಡೆಲ್ಲೀಲಿ?"

"ಡೆಲ್ಲೀಲಿ ಅಲ್ಲ, ಊರಾಗೇ. ನೀವು ಬಿಂದಿಗೆ ತೊಳಕಂಡು ಕೂತಿರ್ರಿ," ಎಂದ.

ಊರೊಳಗೆ ಕಾಲಿಡುವಾಗಲೇ ಸಾವಿನ ಬಡಿತ ಎತ್ತಿಕೊಂಡ. ಆ ಬಡಿತಕ್ಕೆ ನಾಯಿ ಕೂಡ ಬೊಗಳುವುದು ನಿಲ್ಲಿಸುತ್ತದೆ.

"ಕೇಳ್ರಪ್ಪೋ ಕೇಳ್ರಿ! ಮೆಂಬರ್ ಚಿಕ್ಕಬಸಪ್ಪ ಧಣೇರು ಚಳ್ಳಕೆರೇಲಿ ಶಿವನ ಪಾದ ಸೇರವ್ರೆ! ಹೆಣ ಮಧ್ಯಾಹ್ನದ ಬಸ್ಸಿಗೆ ಬರ್ತೈತೆ! ಮನೆಗೊಬ್ರು ಮಣ್ಣಿಗೆ ಬರ್ಬೇಕ್ರಪ್ಪೋ!"

ಊರು ಹತ್ತಿದ ಒಲೆ ಆರಿಸಿತು. ಹೋಟೆಲಿನವನು ಬಾಣಲೆ ಇಳಿಸಿದ. ಮೆಂಬರನ ಹೆಂಡತಿ ಮೊದಲು ನಂಬಲಿಲ್ಲ. ನಿನ್ನೆ ಗಟ್ಟಿಮುಟ್ಟಾಗಿ ಹೋದ ಗಂಡ. ಆದರೆ ಅಳಲು ಬಂದ ಹೆಂಗಸರು ಆಗಲೇ ಅಂಗಳ ತುಂಬಿದ್ದರು. ಅವರನ್ನು ಸುಮ್ಮನೆ ಕಳಿಸುವುದು ಹೇಗೆ? ಅವಳೂ ಕೂತು ಅತ್ತಳು. ಊರಿನ ಒಂದೇ ಫೋನು ಅವರ ಮನೆಯಲ್ಲೇ ಇತ್ತು. ಅದು ಸತ್ತು ತಿಂಗಳಾಗಿತ್ತು, ಅದನ್ನು ಮಾತ್ರ ಯಾರೂ ಸಾರಿರಲಿಲ್ಲ.

ಮಧ್ಯಾಹ್ನ ಬಸ್ಸಿನಿಂದ ಮೆಂಬರು ಕಟ್ಟು ಹಾಕಿಸಿದ ಫೋಟೋ ಹಿಡಿದುಕೊಂಡು ಇಳಿದ. ಅವನನ್ನು ಕಂಡು ಭಜನೆಯವರ ತಾಳ ತಪ್ಪಿತು. ಮನೆ ಮುಂದೆ ಚಟ್ಟ ಸಿದ್ಧವಾಗಿತ್ತು.

"ಯಾರಿಗಯ್ಯ ಚಟ್ಟ?"

ತಿಪ್ಪೇರುದ್ರ ಮುಂದೆ ಬಂದ. "ನಿಮಗೇರಿ. ತಮಟೆ ಸಾರೈತೆ."

"ನಾನು ಬದುಕಿದೀನಲ್ರಯ್ಯ! ಕಣ್ಣು ಕಾಣ್ಸಲ್ವಾ?"

"ಕಾಣ್ತೈತ್ರಿ. ಆದ್ರೆ ಊರಿಗೆ ಊರೇ ಒಲೆ ಹಚ್ಚಿಲ್ಲ, ಮಕ್ಳು ಹಸ್ಕಂಡವೆ. ಗುಂಡೀನೂ ತೋಡಾತು. ಆ ತಮಟೇಲಿ ಸಾರ್ಸೋರು ನೀವು, ಸಾರಿದ್ದು ಸುಳ್ಳು ಅಂತ ನೀವೇ ಊರ ಮುಂದೆ ಹೇಳ್ಬೇಕು."

ಮೆಂಬರ್ ಚಟ್ಟದ ಮುಂದೆ ತಮಟೆ ಹಿಡಿದು ನಿಂತಿದ್ದ ಯರ್ರಪ್ಪನ ಅಂಗಿ ಹಿಡಿಯಲು ಕೈ ಚಾಚಿ, ಮುಟ್ಟಬಾರದೆಂಬುದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ. "ಸುಳ್ಳು! ಈ ಸೂಳೆಮಗ ಬಡಿದಿದ್ದೆಲ್ಲಾ ಸುಳ್ಳು! ಸಾರಲೇ, ಈಗ್ಲೇ ಸಾರು!"

"ಎಲ್ಲಾನಾ ಧಣಿ?"

"ಎಲ್ಲಾ!"

ಯರ್ರಪ್ಪ ತಮಟೆ ಎತ್ತಿದ.

"ಕೇಳ್ರಪ್ಪೋ! ಮೆಂಬರ್ ಸತ್ತಿಲ್ಲ! ಕೇರಿಗೆ ನೀರು ಬಂದಿಲ್ಲ! ಧಣೇರೇ ಊರ ಮುಂದೆ ಹೇಳವ್ರೆ!"

ಮೊದಲ ಏಟು ದೊಣ್ಣೆಯದು, ಬೆನ್ನಿಗೆ ಬಿತ್ತು. ಕೈಯಿಂದ ಮುಟ್ಟಲಾಗದ್ದಕ್ಕೆ ಚಪ್ಪಲಿ ಕಾಲಿನಿಂದ ಒದ್ದರು. ಯಾರೋ ತಮಟೆಯ ಚರ್ಮ ತುಳಿದು ಹರಿದರು. ಯರ್ರಪ್ಪ ಮಣ್ಣಿಗೆ ಮುಖ ಕೊಟ್ಟು ಬಿದ್ದ. ಅವನ ಹಲ್ಲೊಂದು ಅಲ್ಲಾಡಿತು, ಬಾಯಿ ಉಪ್ಪಾಯಿತು.

ಅಷ್ಟರಲ್ಲಿ ಕೆನ್ನೆಗೆ ತಣ್ಣಗೆ ಏನೋ ತಾಕಿತು. ಗುಡಿಯ ಕಡೆಯಿಂದ ಬೀದಿಯ ಇಳಿಜಾರಿನಲ್ಲಿ ನೀರು ಹರಿದು ಬರುತ್ತಿತ್ತು. ಊರೆಲ್ಲ ಸಾವಿನ ಮನೆಯ ಮುಂದೆ ಕೂತಿದ್ದಾಗ ಗುಡಿಯ ಹತ್ತಿರ ಯಾರು ಇದ್ದರು? ಕೇರಿಯ ಹೆಂಗಸರು ಬಂದು ತಮ್ಮ ಕೈಯಾರೆ ನಲ್ಲಿ ತಿರುಗಿಸಿ, ಬಿಂದಿಗೆ, ಕೊಡ, ಗಡಿಗೆ ಎಲ್ಲ ತುಂಬಿಕೊಂಡು ಹೋಗಿದ್ದರು. ನಲ್ಲಿಯನ್ನು ಮುಚ್ಚಿ ಹೋಗಿರಲಿಲ್ಲ.

"ಅಯ್ಯೋ, ಮುಟ್ಟವ್ರೆ!" ಎಂದು ಉಚ್ಚಂಗೆಮ್ಮ ಕಿರುಚಿದಳು. "ನಲ್ಲಿ ಮುಟ್ಟವ್ರೆ! ಮೈಲಿಗೆ ನೀರು, ತುಳೀಬ್ಯಾಡ್ರಿ!"

ಹೊಡೆಯುತ್ತಿದ್ದವರು ದೊಣ್ಣೆ ಬಿಸಾಕಿ ಓಡಿದರು. ಜಗಲಿಯ ಮೇಲೆ ಹತ್ತಿದರು, ಗಾಡಿ ಹತ್ತಿದರು, ಭಜನೆಯವರು ತಾಳ ಹಿಡಿದುಕೊಂಡೇ ಕಟ್ಟೆ ಹತ್ತಿದರು. ಒದೆಯಲು ಎತ್ತಿದ ಕಾಲನ್ನು ಎಲ್ಲಿ ಇಡುವುದೋ ತಿಳಿಯದೆ ಮೆಂಬರ್ ಒಂಟಿ ಕಾಲಲ್ಲಿ ನಿಂತ. ಸುತ್ತ ನೀರು ಬಂತು. ಹತ್ತಿರ ಇದ್ದದ್ದು ಚಟ್ಟ ಒಂದೇ. ಫೋಟೋವನ್ನು ಎದೆಗೆ ಅವಚಿಕೊಂಡು ಅವನು ಅದನ್ನೇ ಹತ್ತಿದ.

ಯರ್ರಪ್ಪ ಕೆಸರಿಗೆ ಕೈಯೂರಿ ಎದ್ದು ಕೂತ. ಬಾಯಿಯ ರಕ್ತ ಉಗಿದು, ಎರಡೂ ಕೈಯಲ್ಲಿ ಆ ನೀರು ಮೊಗೆದು ಮುಖ ತೊಳೆದುಕೊಂಡ. ಅವತ್ತು ಊರ ಯಾವ ಮನೆಯ ಮೇಲೂ ಹೊಗೆ ಇರಲಿಲ್ಲ. ಕೆಳಗಿನ ಕೇರಿಯಲ್ಲಿ ಒಂದು ಒಲೆ ಹೊಗೆಯಾಡುತ್ತಿತ್ತು, ಬಾಣಂತಿಗೆ ನೀರು ಕಾಯುತ್ತಿತ್ತು.