ಮುಟ್ಟದ ಖಾತೆ, ಕಾಣದ ಮೇಜು

ಸರ್ಕಾರ ತಿಂಗಳು ತಿಂಗಳೂ ಸಂಬಳದಲ್ಲಿ ಕತ್ತರಿಸಿ ಕೂಡಿಟ್ಟ ವೈದ್ಯಕೀಯ ಉಳಿತಾಯವನ್ನು ತಾನಾಗಿ ಒಮ್ಮೆಯೂ ಮುಟ್ಟಿಲ್ಲ ಎಂಬುದೇ ಬೊಕ್ ಸೆಂಗನ ಜೀವಮಾನದ ಹೆಮ್ಮೆ. ಸಿಂಗಪುರದ ಲಿಫ್ಟುಗಳನ್ನು ರಿಪೇರಿ ಮಾಡುತ್ತಲೇ ಮುದುಕನಾದವನು ಅವನು. ಆದರೆ ಅದೇ ಖಾತೆಯಿಂದ ವರ್ಷಕ್ಕೊಮ್ಮೆ ಆರೋಗ್ಯ ವಿಮೆಯ ಕಂತು ಕತ್ತರಿಸುತ್ತಿದ್ದರು. ಅವನ ಹೊಟ್ಟೆ ಉರಿಯುತ್ತಿದ್ದದ್ದು ಅಲ್ಲಿ.

"ಉಳಿತಾಯ ನಂದು. ನಾ ಸತ್ರೂ ಮಗಳಿಗೆ ಹೋಗುತ್ತೆ. ವಿಮೆ ಊರೋರ ಹುಂಡಿ. ಒಂದು ಜ್ವರಾನೂ ಬರದ ನಾನು ಹಾಕೋದು, ಕಂಡೋರು ತಿನ್ನೋದು."

ಕಂಡೋರು ಅಂದರೆ ಎದುರು ಕೂತು ಟೀ ಕುಡಿಯುತ್ತಿದ್ದ ಮಿಸ್ರಾನ್, ಬಂದರಿನಲ್ಲಿ ಕ್ರೇನ್ ಓಡಿಸಿದ ಹಳೆಯ ಗೆಳೆಯ. ಅವನ ಹೃದಯದ ಆಪರೇಷನ್ನಿಗೆ ಬಹುಪಾಲು ದುಡ್ಡು ಕೊಟ್ಟದ್ದು ವಿಮೆ.

"ನಿನ್ನ ಎದೆ ಅರ್ಧ ನಂದು ಕಣೋ. ಸಿಗರೇಟು ಹಚ್ಚೋ ಮುಂಚೆ ನನ್ನ ಕೇಳು."

"ಆ ಅರ್ಧಾನೇ ಇರ್ಬೇಕು, ಹಗಲೂ ರಾತ್ರಿ ಗೊಣಗ್ತಿರುತ್ತೆ," ಅಂದ ಮಿಸ್ರಾನ್.

ಈಗ ಬೊಕ್ ಸೆಂಗನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಹೇಳಿ ಸೋತರು, ಮಗಳು ಸ್ಯೂ ಹೂನ್ ಗೋಗರೆದು ಸೋತಳು.

"ಖಾತೆ ಇರೋದೇ ಇದಕ್ಕಲ್ವಾ ಅಪ್ಪಾ?"

"ಅದು ನಿನಗೆ ಇಟ್ಟಿರೋದು."

"ನಾನೂ ಮುಟ್ಟಲ್ಲ, ನನ್ನ ಮಗಳಿಗೆ ಇಡ್ತೀನಿ. ಅವಳೂ ಮುಟ್ಟಲ್ಲ. ಕೊನೆಗೆ ವಂಶಕ್ಕೆ ವಂಶಾನೇ ಸಾಹುಕಾರ ಕುರುಡರಾಗಿರೋಣ."

ಬೊಕ್ ಸೆಂಗನ ಅಪ್ಪ ಕೊನೆಗಾಲದಲ್ಲಿ ಔಷಧಿಗೆಂದು ನೆರೆಯವರೆದುರು ಕೈ ಚಾಚಿದ್ದ. ಮಗಳಿಗೆ ಆ ಗತಿ ಬರಬಾರದೆಂಬ ಭಯ ಇವನಿಗೆ ಪೊರೆಗಿಂತ ದಪ್ಪವಾಗಿ ಕಟ್ಟಿತ್ತು.

ಒಂದು ಭಾನುವಾರ ಊಟದಂಗಡಿಗಳು ಸಾಲಾಗಿರುವ ಹಾಕರ್ ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಿ ಟಿಶ್ಯೂ ಪೊಟ್ಟಣ ಇಟ್ಟ ಮೇಜು ಇಟ್ಟವನದೇ. ತಟ್ಟೆ ಹಿಡಿದು ಹಸಿದು ನಿಂತವರೂ ಅಲ್ಲಿ ಕೂರುವುದಿಲ್ಲ. ಬೊಕ್ ಸೆಂಗ್ ಮೂಲೆಯ ಮೇಜಿಗೆ ಪೊಟ್ಟಣ ಇಟ್ಟು, ಮೀನಿನುಂಡೆಯ ನೂಡಲ್ಸ್ ಸಾರು ಹಿಡಿದು ಹಿಂತಿರುಗಿದರೆ ಎಲ್ಲ ಮೇಜೂ ಒಂದೇ ಮಂಜು.

ಮಿಸ್ರಾನ್ ಗುರುತಿಲ್ಲದವರ ಜೊತೆ ಒತ್ತಿಕೊಂಡು ಕೂತಿದ್ದ. "ಇಲ್ಲೇ ಬಾರೋ, ಒಂದು ಕುರ್ಚಿ ಇದೆ."

"ನನಗೆ ನನ್ನ ಮೇಜಿದೆ."

ಮೇಜು ಸಿಗುವ ಮೊದಲು ಮೆಟ್ಟಿಲು ಸಿಕ್ಕಿತು. ಸಾರು ಚೆಲ್ಲಿತು, ಸೊಂಟದ ಮೂಳೆ ಮುರಿಯಿತು. ಪೊಟ್ಟಣ ಕಾಯುತ್ತಿದ್ದ ಮೇಜಿನ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ.

ಆಸ್ಪತ್ರೆಯಲ್ಲಿ ಸ್ಯೂ ಹೂನ್ ಮೆಲ್ಲಗೆ ಹೇಳಿದಳು: "ಬಿಲ್ಲಲ್ಲಿ ದೊಡ್ಡ ಪಾಲು ವಿಮೆ ಕೊಡುತ್ತೆ. ಉಳಿದಿದ್ದಕ್ಕೆ ಖಾತೆ ಮುಟ್ಟಬೇಕು."

ಅವನು ಗೋಡೆಗೆ ಮುಖ ತಿರುಗಿಸಿದ. ನಾಚಿಕೆಯಾಗಿತ್ತು. ಗೋಡೆಗೇ ಹೇಳಿದ: "ಹೇಗೂ ಮಡಿ ಕೆಟ್ಟಿತಲ್ಲ. ಕಣ್ಣೂ ಮಾಡ್ಸಿಬಿಡು."

ವಾಕರ್ ಊರಿಕೊಂಡು ಅವನು ಮತ್ತೆ ಹಾಕರ್ ಸೆಂಟರಿಗೆ ಬಂದಾಗ ಎಲ್ಲವೂ ನಿಚ್ಚಳವಾಗಿತ್ತು. ಮಿಸ್ರಾನನ ಮುಖವನ್ನೇ ದಿಟ್ಟಿಸಿದ.

"ನೀನು ಇಷ್ಟು ಮುದುಕ ಆಗಿದೀಯ ಅಂತ ಯಾರೂ ಹೇಳ್ಲೇ ಇಲ್ಲ ನಂಗೆ."

ಮಿಸ್ರಾನ್ ಪಕ್ಕದ ಕುರ್ಚಿ ಎಳೆದುಕೊಟ್ಟ. "ಮೆಲ್ಲಗೆ ಕೂತ್ಕೋ. ಆ ಸೊಂಟದಲ್ಲಿ ನಂದೂ ಪಾಲಿದೆ."

ಬೊಕ್ ಸೆಂಗನಿಗೆ ಬಾಯಿಮಾತಿನಲ್ಲಿ ಸೋತು ಅಭ್ಯಾಸವಿಲ್ಲ. ಈ ಸಲ ಮಾತ್ರ ತಲೆಯಾಡಿಸಿದ. ನೆರೆಮನೆಯಿಂದ ತಂದ ಪಾತ್ರೆಯನ್ನು ಇಳಿಸುವಷ್ಟು ಜೋಪಾನವಾಗಿ ಸೊಂಟವನ್ನು ಕುರ್ಚಿಗಿಳಿಸಿದ. ಜೇಬಿನಿಂದ ಟಿಶ್ಯೂ ಪೊಟ್ಟಣ ತೆಗೆದ. ಮೇಜಿನ ಮೇಲಿಡಲಿಲ್ಲ, ಒಡೆದು ಮೂಗು ಒರೆಸಿಕೊಂಡ.